ಗೋದವ್ವನ ಮುಚ್ಚಿದ ಕಣ್ಣು

ವಿಧವೆಯರಿಗೆ ಸರ್ಕಾರ ಕೊಡುವ ಪಿಂಚಣಿ ನಿಂತುಹೋಯಿತೆಂದು ಗೋದವ್ವ ಅಳುತ್ತ ಬಂದಾಗ ನರ್ಮದಕ್ಕ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಪುಣೆಯ ಆ ಚಾಳಿನಲ್ಲಿ ಏನೇ ಆದರೂ ಜನ ಮೊದಲು ಬರುತ್ತಿದ್ದುದು ನಿವೃತ್ತ ಪೊಲೀಸ್ ಹವಾಲ್ದಾರಳಾದ ಅವಳ ಬಾಗಿಲಿಗೇ. ಏಳನೇ ತರಗತಿಗೇ ಶಾಲೆ ಬಿಟ್ಟ, ಮಾತು ಕಡಿಮೆಯ, ಕಣ್ಣು ಚುರುಕಿನ ಶರ್ವರಿ ಅವಳ ಬಲಗೈ.

ನೀನು ಮರುಮದುವೆಯಾಗಿದ್ದೀಯ ಎಂದು ಕಚೇರಿಯವರು ಗೋದವ್ವನಿಗೆ ಒಂದು ಫೋಟೊ ಕೊಟ್ಟಿದ್ದರು. ಒಂದು ಮೂಲೆಯನ್ನು ದೊಡ್ಡದು ಮಾಡಿದ ಮಸುಕು ಪ್ರತಿ. ಗಂಡಸೊಬ್ಬ ಊಟಕ್ಕೆ ಕೂತಿದ್ದ. ಅವನ ಬೆನ್ನ ಹಿಂದೆ ಕಿಟಕಿ. ಅಂಚಿನಲ್ಲಿ ಗೋದವ್ವನ ಅರ್ಧ ಮುಖ, ಹಣೆ ತುಂಬ ಅರಿಶಿನ, ಕಣ್ಣು ಮುಚ್ಚಿತ್ತು.

"ಅಂವ ನನ್ನ ತಮ್ಮ ಸಿದ್ರಾಮರೀ. ಇಬ್ರೂ ಜೇಜುರಿ ಗುಡಿಗೆ ಹೋಗಿ ಬಂದಿದ್ವಿ, ಅಂವ ಉಣ್ಣಾಕ ಕೂತಿದ್ದ. ಅಲ್ಲೆ ದೇವರ ಭಂಡಾರದ ಅರಿಶಿನ ಯಾರ ಹಣೀ ಬಿಡ್ತದ ಹೇಳ್ರಿ? ನಮ್ಮ ಮನೀ ಫೋಟೊ ಯಾರು ಕೊಟ್ರು?"

ಜೇಜುರಿಯಿಂದ ಬಂದ ಆ ಸಂಜೆ ಚಾಳಿನ ಕಾಂತಪ್ಪ ಗೋದವ್ವನ ಕಿಟಕಿಯ ಬಳಿ ನಿಂತಿದ್ದನ್ನು ಕಂಡೆನೆಂದು ಶರ್ವರಿ ಮೆಲ್ಲಗೆ ಹೇಳಿದಳು. ನಳದ ನೀರಿಗಾಗಿ ಅವನಿಗೂ ಗೋದವ್ವನಿಗೂ ಜಗಳವಿತ್ತು. ಕತ್ತಲಾಗುವಷ್ಟರಲ್ಲಿ ಚಾಳೆಲ್ಲ ಅವನೊಡನೆ ಮಾತು ಬಿಟ್ಟಿತು. ಅವನ ಹೆಂಡತಿಯ ಕೊಡವನ್ನು ಯಾರೋ ಸಾಲಿನಿಂದ ಆಚೆ ದೂಡಿದರು. ಅದನ್ನು ನೋಡಿದ ಶರ್ವರಿಗೆ ಊಟ ಸೇರಲಿಲ್ಲ. ಕಂಡಿದ್ದನ್ನೇ ಹೇಳಿದ್ದೇನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಭಾನುವಾರ ನರ್ಮದಕ್ಕ ಎಲ್ಲರನ್ನೂ ಅಂಗಳಕ್ಕೆ ಕರೆದಳು. ಕಾಂತಪ್ಪ ದೂರದಲ್ಲೇ ನಿಂತ.

"ಕಾಂತಪ್ಪ ನಿಂತಿದ್ದು ಕಿಟಕಿ ಹೊರಗ. ಆದ್ರ ಕಿಟಕಿನೇ ಫೋಟೊದಾಗ ಅದ. ತಗದವರು ಒಳಗ ಇದ್ರು," ಎಂದು ನರ್ಮದಕ್ಕ ತಿರುಗಿದಳು. "ಶರ್ವರಿ, ಅಂವನ್ನ ನೀ ಎಲ್ಲಿಂದ ನೋಡಿದಿ?"

"ಒಳಗಿಂದ," ಎಂದಳು ಶರ್ವರಿ.

"ಗೋದವ್ವಾ, ಹಣೀ ತೊಳಿಯೂಕಿಂತ ಮೊದಲs ಕಣ್ಣು ಮುಚ್ಚು ಅಂದವರು ಯಾರು?"

"ಈ ಹುಡುಗೀನs. ನಾ ಜೀವಂತ ಅದೀನಂತ ತೋರಸಾಕ..." ಗೋದವ್ವ ಶರ್ವರಿಯ ಕೈಲಿದ್ದ ಫೋನಿನತ್ತ ತಿರುಗಿದಳು.

ಪಿಂಚಣಿ ಪಡೆಯುವವರು ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಕಚೇರಿಯ ಆ್ಯಪಿಗೆ ಮುಖ ತೋರಿಸಬೇಕು, ಅದು ಹೇಳಿದಾಗ ಕಣ್ಣು ಮಿಟುಕಿಸಬೇಕು. ಚಾಳಿನ ಮುದುಕಿಯರಿಗೆಲ್ಲ ಅದನ್ನು ತನ್ನ ಫೋನಿನಲ್ಲಿ ಮಾಡಿಕೊಡುತ್ತಿದ್ದವಳು ಶರ್ವರಿ. ಅವಳು ನೋಡಿದ್ದು ಮುಖವನ್ನಷ್ಟೇ. ಫೋನು ಮನೆಯನ್ನೆಲ್ಲ ನೋಡಿತ್ತು. ಕಚೇರಿಯಲ್ಲಿ ಯಾರೋ ಮುಖ ಬಿಟ್ಟು ಹಿಂದಿದ್ದ ಊಟದ ತಟ್ಟೆ ನೋಡಿದ್ದರು.

"ಜೀವ ಅದ ಏನು ಅಂತ ಕೇಳಿದ್ರು, ತೋರಿಸಿದ್ವಿ. ಹಿಂದ ಯಾರು ಉಣ್ತಾರ ಅಂತ ನೋಡಾಕ ಇವರಿಗೆ ಹೇಳಿದ್ಯಾರು?" ನರ್ಮದಕ್ಕ ಎದ್ದಳು. "ನಾಳೆ ಅದನ್ನs ಹೋಗಿ ಕೇಳೂಣು."

ಶರ್ವರಿ ಕಾಂತಪ್ಪನ ಹೆಂಡತಿಯ ಕೊಡ ನೋಡುತ್ತಿದ್ದಳು. ಫೋನಿಗೆ ಬುದ್ಧಿಯಿಲ್ಲ. ತನಗಿತ್ತು.

ತಮ್ಮ ಸಿದ್ರಾಮನನ್ನೇ ಮುಂದೆ ನಿಲ್ಲಿಸಿದ ಮೇಲೆ ಕಚೇರಿಯವರು ಬಗ್ಗಿದರು. ಪಿಂಚಣಿ ಮತ್ತೆ ಶುರುವಾಗಲು ಇನ್ನೊಮ್ಮೆ ಮುಖ ತೋರಿಸಿರೆಂದರು. ಶರ್ವರಿ ಗೋದವ್ವನ ಬೆನ್ನ ಹಿಂದೆ ಚಾದರ ಕಟ್ಟಲು ಹೋದಳು. ಒಂದು ತುದಿಗೆ ಮೊಳೆ ಸಿಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕಾಂತಪ್ಪ ಒಳಗೆ ಬಂದು ಆ ತುದಿ ಹಿಡಿದ.

"ಛಲೋತ್ನಂಗ ನೋಡವಾ ಶರ್ವರಿ," ಎಂದ ಚಾದರದ ಹಿಂದಿನಿಂದ. "ನಾ ಎಲ್ಲ್ಯರ ಕಾಣಸ್ತೀನೇನು?"

"ಇಲ್ಲರೀ ಕಾಕಾ," ಎಂದಳು. ಆದರೂ ಫೋನು ಇಳಿಸಿ ಚಾದರದ ಅಂಚುಗಳನ್ನು ಇನ್ನೊಮ್ಮೆ ನೋಡಿಬಂದಳು. ಗೋದವ್ವ ಎರಡು ಸಲ ಕಣ್ಣು ಮಿಟುಕಿಸಬೇಕಾಯಿತು.