ಹಳದಿ ಕೋಟು

ಹೊಲದ ಕೂಳೆ ಸುಟ್ಟು ಬಂದ ಅಪ್ಪನ ಅಂಗಿಯ ವಾಸನೆ ಪೊಲೀಸ್ ಸಾರ್ಜೆಂಟ್ ಒಕ್ಸಾನಾ ಹ್ರಿತ್ಸಾಕ್‌ಗೆ ಚಿಕ್ಕಂದಿನಿಂದ ಗೊತ್ತು. ಮ್ಯಾನಿಟೋಬಾದ ಆ ಪುಟ್ಟ ಊರಿನ ಅಗ್ನಿಶಾಮಕ ಠಾಣೆಯ ಗಾಜಿನ ಕಪಾಟಿನಲ್ಲಿ ಉಳಿದಿದ್ದದ್ದು ಅಂಥದೇ ವಾಸನೆ. ಕೋಟು ಇರಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ದೂರು ಕೊಟ್ಟವನು ಆ ಠಾಣೆಯ ಕ್ಯಾಪ್ಟನ್ ಪ್ರೂಡನ್. ಬೆಂಕಿ ಆರಿಸುವಾಗ ತೊಡುವ ಆ ಕೋಟು ಮೈರನ್ ಬೊಡ್ನಾರನದು; ಮಸಿ ತೊಳೆಯದೆ ನೆನಪಿಗೆಂದು ಕಪಾಟಿನಲ್ಲಿಟ್ಟಿದ್ದರು. ಇಪ್ಪತ್ತು ವರ್ಷ ಬೆಂಕಿ ಆರಿಸಿದವನಿಗೆ ಈಗ ಮೂತ್ರಕೋಶದ ಕ್ಯಾನ್ಸರ್. ಅದು ಕೆಲಸದಿಂದಲೇ ಬಂದದ್ದೆಂದು ಪರಿಹಾರ ಮಂಡಳಿ ಒಪ್ಪಿರಲಿಲ್ಲ. ಕೋಟಿನ ಮಸಿಯಲ್ಲಿ ಯಾವ ವಿಷವಿದೆಯೆಂದು ಗುರುವಾರ ಪ್ರಯೋಗಾಲಯದಲ್ಲಿ ನೋಡಿಸಬೇಕಿತ್ತು. ಕೈಚಾಚಿದಂತಾಗುತ್ತದೆಂಬ ಸಂಕೋಚಕ್ಕೆ ಮೈರನ್ ಇದನ್ನು ಕ್ಯಾಪ್ಟನ್‌ಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

ದೂರು ದಾಖಲಾಗಿ ಸ್ಥಳದ ತಪಾಸಣೆ ಶುರುವಾಯಿತು. ಬೀಗ ಒಡೆದಿರಲಿಲ್ಲ. ನೆಲದ ಮೇಲಿನ ಮಸಿಯ ಹುಡಿ ಬಟ್ಟೆ ಒಗೆಯುವ ಕೋಣೆಯವರೆಗೆ ಹೋಗಿತ್ತು. ಯಂತ್ರದೊಳಗೆ ಒದ್ದೆ ಕೋಟು ಮುದುಡಿ ಕೂತಿತ್ತು.

"ಅಯ್ಯೋ, ಇದು ಹಳದೀನಾ? ಕಪ್ಪು ಅಂದ್ಕೊಂಡಿದ್ದೆ ಮೇಡಂ," ಎಂದ ಕಾನ್‌ಸ್ಟೆಬಲ್ ಫೊಂಟೇನ್.

"ಬಾಯಿ ಮುಚ್ಕೊಂಡು ನೀರು ಸೋಸೋ ಜಾಲರಿ ಬಿಚ್ಚು. ಕೆಸರು ಒಂದು ಹನಿ ಚೆಲ್ಬಾರ್ದು."

ಕೋಟಿನಿಂದ ಇಳಿದ ಮಸಿಯ ಆ ಕೆಸರನ್ನು ಪ್ರಯೋಗಾಲಯಕ್ಕೆಂದು ಮೊಹರು ಮಾಡಿದರು. ಕಪಾಟಿನ ಇನ್ನೊಂದು ಕೀಲಿ ಇದ್ದದ್ದು ಹಿರಿಯ ಸಿಬ್ಬಂದಿ ಹ್ಯಾಂಕ್ ಥೀಸನ್ ಬಳಿ. ಅವನು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ.

"ಕೋಟು ತೊಳೆದೋರು ನೀವಾ?"

"ಹೌದಮ್ಮ. ನಿನ್ನೆ ಸಂಜೆ."

"ತೊಳೆದ ಕೋಟು ಹಾಕಿದೋರನ್ನ 'ಏನಯ್ಯಾ ಮದುಮಗ' ಅಂತ ಆಡ್ಕೊಳ್ತಿದ್ದೋರು ನೀವೇ ಅಲ್ವಾ?"

"ನಾನೇ. ಮಸಿ ಇದ್ರೇನೇ ಗಂಡಸು ಅಂತಿದ್ವಿ." ಅವನು ತಲೆ ಎತ್ತಲಿಲ್ಲ. "ಇವತ್ತು ನನ್ನ ಮಗಳು ಗ್ರೆಟಾ ಕೆಲಸಕ್ಕೆ ಸೇರ್ತಾಳೆ. ಹೊಸಬರು ಅದೃಷ್ಟಕ್ಕೆ ಅಂತ ಆ ಕೋಟಿಗೆ ಕೆನ್ನೆ ಒತ್ತೋದು ನಮ್ಮಲ್ಲಿ ಪದ್ಧತಿ. ಆ ಮಸಿಯಿಂದ ಮೈರನ್‌ಗೆ ಏನಾಯ್ತು ಅಂತ ಕಣ್ಣಾರೆ ನೋಡಿದ್ಮೇಲೂ ಹೆಂಗಮ್ಮ ಸುಮ್ನಿರ್ಲಿ?"

"ಗುರುವಾರದ ಪರೀಕ್ಷೆ ಗೊತ್ತಿರ್ಲಿಲ್ವಾ?"

ಚಾಕು ನಿಂತಿತು. "ಯಾವ ಪರೀಕ್ಷೆ?"

ಒಕ್ಸಾನಾ ಹೇಳಿದಳು. ಹ್ಯಾಂಕ್ ಚಾಕು ಪಕ್ಕಕ್ಕಿಟ್ಟ. ಅಗ್ನಿಶಾಮಕ ಠಾಣೆಯ ಸ್ವತ್ತಿಗೆ ಹಾನಿ ಮಾಡಿದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಒಲೆ ಆರಿಸಿ, ಕೈ ತೊಳೆದು ಬರುವವರೆಗೆ ಫೊಂಟೇನ್ ಬಾಗಿಲಲ್ಲಿ ಕಾದ, ಬೇಡಿ ಹಾಕಲಿಲ್ಲ. ದುರುದ್ದೇಶ ಕಂಡುಬಂದಿಲ್ಲ, ಮಗಳಿಗೇನಾದೀತೆಂಬ ಭಯವೇ ಕಾರಣ ಎಂದು ಒಕ್ಸಾನಾ ವರದಿಯಲ್ಲಿ ಬರೆದಳು.

ಮಧ್ಯಾಹ್ನ ಮೈರನ್ ಕೋಲೂರಿಕೊಂಡು ಪೊಲೀಸ್ ಠಾಣೆಗೆ ಬಂದ.

"ಆ ಕೆಸರು ಸಾಕಾಗುತ್ತಾ ಮೇಡಂ?"

"ಕಳ್ಸಿ, ನೋಡ್ತೀವಿ ಅಂದಿದ್ದಾರೆ ಪ್ರಯೋಗಾಲಯದೋರು. ಅಷ್ಟೇ ಗೊತ್ತು."

"ಹೂಂ. ಹ್ಯಾಂಕ್ ಊಟ ಮಾಡಿದ್ನಾ?"

"ಮುಟ್ಟಿಲ್ಲ."

ಮೈರನ್ ಲಾಕಪ್ಪಿನ ಮುಂದೆ ನಿಂತು ಚೀಲದಿಂದ ಡಬ್ಬಿ ತೆಗೆದ. ಹೆಂಡತಿ ಮೈರನ್‌ನ ಊಟಕ್ಕೆಂದು ಕಟ್ಟಿಕೊಟ್ಟಿದ್ದ, ಅನ್ನ ತುಂಬಿದ ಎಲೆಕೋಸಿನ ಸುರುಳಿಗಳು, ಇನ್ನೂ ಬೆಚ್ಚಗಿದ್ದವು. ಡಬ್ಬಿಯನ್ನು ಸರಳುಗಳ ನಡುವೆ ಹ್ಯಾಂಕ್‌ನ ಕೈಗಿಟ್ಟ.