ಫಲಾನುಭವಿ

ಚಿತ್ತೆ ಮಳೆ ಮುಗಿಯುತ್ತಾ ಬಂದಿದ್ದ ಕಾಲ, ಬೆಳಗಿನ ಹತ್ತು ಗಂಟೆ. ಕಳಸದ ಮೇಲಿನ ಗುಡ್ಡದಲ್ಲಿ ಶೈಮಾ ಮೊಣಕಾಲುದ್ದ ನೀರಿನಲ್ಲಿ ನಿಂತು, ಟರ್ಬೈನಿನ ಕಾಲುವೆಗೆ ಅಡ್ಡ ಸಿಕ್ಕಿದ್ದ ಎಲೆ ಬಾಚುತ್ತಿದ್ದಳು.

"ಟರ್ಬೈನ್ ನೋಡ್ಕೊಳ್ಳೋರು ಎಲ್ಲಿ?" ದಡದಲ್ಲಿ ಹೊಸ ಬೂಟು ಹಾಕಿದವನೊಬ್ಬ ಕೇಳಿದ.

"ಎದುರಿಗೇ ಇದ್ದಾರೆ."

"ಅಲ್ಲ... ಗಂಡಸರು ಯಾರಾದ್ರೂ?"

ಅವಳು ಒಂದು ಬೊಗಸೆ ಕೊಳೆತ ಎಲೆ ಎತ್ತಿ ಆ ಬೂಟಿನ ಮೇಲೆಯೇ ಹಾಕಿದಳು.

"ಇದ್ದಾರೆ. ನೀವೊಬ್ರು."

ಅವನು ಸುಫಿಯಾನ್, ಚಿಕ್ಕಮಗಳೂರಿನವನು. ನಾರ್ವೆ ದೇಶದವರೂ ಇಲ್ಲಿಯವರೂ ಸೇರಿ ಹಳ್ಳದ ನೀರಿನಿಂದ ಕರೆಂಟ್ ಮಾಡುವ ಯೋಜನೆಯ ನೌಕರ. ಶೈಮಾಳ ತಂದೆ ಮೆಕ್ಯಾನಿಕ್ ನಸರುಲ್ಲಾ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಹಳೇ ಪಲ್ಪರಿನ ಚಕ್ರದಿಂದ ಅಲ್ಲಿ ಟರ್ಬೈನ್ ಕಟ್ಟಿ ಹನ್ನೊಂದು ಮನೆಗೆ ದೀಪ ಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ ಆರು ವರ್ಷ ಅದು ಮಗಳ ಕೈಯಲ್ಲಿತ್ತು.

ನಾರ್ವೆಯಿಂದ ಹೊಸ ಚಕ್ರ ಬಂತು. ಮೂರು ತಿಂಗಳು ಇಬ್ಬರೂ ಸೇರಿ ಕೂಡಿಸಿದರು. ಅವನ ಬೂಟು ಹಳತಾಯಿತು. ಸ್ಪ್ಯಾನರ್ ಕೊಡುವಾಗ ಅವಳ ಬೆರಳು ಅದನ್ನು ತಡವಾಗಿ ಬಿಡತೊಡಗಿತು...

"ಸ್ಪ್ಯಾನರ್ ಬಿಡೇ ಮಾರಾಯ್ತಿ, ಕೆಲ್ಸ ಆಗ್ಬೇಕಲ್ಲ," ಎಂದು ಪಕ್ಕದ ಮನೆಯ ಶಿವಗಂಗಮ್ಮ ನಕ್ಕರು.

ಉದ್ಘಾಟನೆಗೆ ನಾರ್ವೆಯಿಂದ ಮೂವರು ಬಂದರು. ಯೋಜನೆಯ ಹೊಸ ಬೋರ್ಡಿಗೆ ಮುಚ್ಚಿದ್ದ ಬಟ್ಟೆ ಸರಿಯಿತು. ಮೇಲೆ ‘ಪಾಲುದಾರರು’ ಎಂದು ಸಂಸ್ಥೆಗಳ ಹೆಸರು. ಕೆಳಗೆ ‘ಫಲಾನುಭವಿಗಳು’ ಎಂದು ಹನ್ನೊಂದು ಮನೆಯವರ ಹೆಸರು. ಏಳನೆಯದು ಶೈಮಾ.

ನಮ್ಮ ಅಬ್ಬಾ ಕೈ ಸುಟ್ಕೊಂಡು ಕಟ್ಟಿದ್ದು ಇದು... ನಾನು ಕೈಯೊಡ್ಡಿ ಇಸ್ಕೊಂಡವಳಾ?

"ಇದನ್ನ ಬರೆದಿದ್ದು ಯಾರು?"

"ನಾನೇ," ಸುಫಿಯಾನ್ ಒಪ್ಪಿಕೊಂಡ. "ಫಾರಂನಲ್ಲಿ ಎರಡೇ ಖಾನೆ ಇತ್ತು."

"ಮೂರನೇದು ಎಳೆಯೋಕೆ ಕೈ ಬರ್ಲಿಲ್ವಾ?"

ಅವಳು ಕಾಲುವೆಯ ಹಲಗೆ ಇಳಿಸಿದಳು. ನೀರು ಹಳ್ಳಕ್ಕೆ ತಿರುಗಿತು. ಚಕ್ರ ನಿಂತಿತು.

"ಏನಮ್ಮಾ ಇದು?" ಸುಫಿಯಾನನ ಮೇಲಧಿಕಾರಿ ಶಶಿಧರ್ ಕೆಂಪಾದರು. "ಶುರು ಮಾಡು."

"ಫಲಾನುಭವಿಗೆ ಶುರು ಮಾಡೋಕೆ ಬರಲ್ಲ ಸರ್. ದೀಪ ಉರಿದ್ರೆ ನೋಡೋಕಷ್ಟೇ ಬರೋದು. ಪಾಲುದಾರರು ನೀವೇ ಮಾಡಿ."

ಶಶಿಧರ್ ತಾವೇ ಹಲಗೆ ಎತ್ತಿದರು. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿತು. ಚಕ್ರ ಕೆಮ್ಮಿತು, ತಿರುಗಲಿಲ್ಲ. ಗಾಳಿ ಬಿಡುವ ತಿರುಪು ಎಲ್ಲಿದೆಯೆಂದು ಸುಫಿಯಾನನಿಗೆ ಗೊತ್ತಿತ್ತು. ಅವನು ಅದನ್ನು ಮುಟ್ಟಲಿಲ್ಲ. ಬೋರ್ಡ್ ಬರೆದು ಉಳಿದಿದ್ದ ಬಣ್ಣದ ಡಬ್ಬ ತೆಗೆದುಕೊಂಡ.

"ಬೋರ್ಡ್ ಮುಟ್ಟಿದ್ರೆ ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ," ಎಂದರು ಶಶಿಧರ್.

ಸುಫಿಯಾನ್ ‘ಫಲಾನುಭವಿಗಳು’ ಎಂಬ ಒಂದು ಪದದ ಮೇಲೆ ಬಣ್ಣ ಬಳಿದ. ಈಗ ಹನ್ನೊಂದು ಮನೆಯವರೂ ಪಾಲುದಾರರ ಕೆಳಗೇ ಸೇರಿದರು. ತುದಿಯಲ್ಲಿ ನಸರುಲ್ಲಾ ಎಂದು ಬರೆದ. ನಾರ್ವೆಯ ಹಿರಿಯ ಹೆಂಗಸು, ಅಳಿಸಿದ ಪದದ ಅರ್ಥ ಕೇಳಿ ತಿಳಿದುಕೊಂಡು, ಅವನು ಬರೆದು ಮುಗಿಸುವವರೆಗೆ ಡಬ್ಬ ಹಿಡಿದು ನಿಂತರು.

"ಹಾಗಾದ್ರೆ ನಾನೂ ನಾರ್ವೆಯವ್ರೂ ಒಂದೇ ಸಾಲು," ಎಂದರು ಶಿವಗಂಗಮ್ಮ.

ಶೈಮಾ ತಿರುಪು ಸಡಿಲಿಸಿದಳು. ಗಾಳಿ ಬುಸ್ಸೆಂದು ಹೋಯಿತು. ಬಲ್ಬು ಹೊತ್ತಿತು.

"ಕೆಲ್ಸ ಹೋಯ್ತಲ್ಲ..." ಅವಳ ಧ್ವನಿ ಇಳಿದಿತ್ತು.

"ಹೋಗ್ಲಿ. ಬೋರ್ಡಲ್ಲಂತೂ ನನ್ನ ಹೆಸರಿಲ್ಲ. ಈಗ ನಾನು ಯಾರು?"

ಅವಳು ದುಪಟ್ಟಾದ ತುದಿಯಿಂದ ಅವನ ಬೆರಳಿನ ಬಣ್ಣ ಒರೆಸಿದಳು.

"ನೀವಾ? ಫಲಾನುಭವಿ."

"ಎಷ್ಟು ದಿನಕ್ಕೆ?"

"ಹಳ್ಳ ಹರಿಯೋ ತನಕ."

ಸಂಜೆ ನಾರ್ವೆಯವರು ಹೋದರು, ಶಶಿಧರ್ ಹೋದರು. ಸುಫಿಯಾನ್ ಹೋಗಲಿಲ್ಲ.