ಮಗುಚಿದ ಕಲ್ಲು

"ಆ ಕಲ್ಲನ್ನು ಇದ್ದ ಹಾಗೇ ಇಡಿ!"

ದಿಶಾಳ ಕೂಗಿಗೆ ಉರಣ್ ಕಡಲು ಅಲೆ ಹೊಡೆಯುವುದನ್ನೇ ಮರೆಯಿತು. ಅತ್ತ ಕಲ್ಯಾಣದಲ್ಲಿ ಲೋಕಲ್ ರೈಲು ನಿಂತಿತಂತೆ! ನಂಬದಿದ್ದರೆ ಬಿಡಿ, ಆ ಕಣ್ಣುಗಳನ್ನು ನೀವು ನೋಡಿಲ್ಲ.

ಬಂಡೆಗಳ ಮೇಲಿನ ಹಕ್ಕಿಗಳು ಪುರ್ರನೆ ಹಾರಿದವು. ಹಿಮದ ನಾಡಿನಿಂದ ಬಂದು, ಕೊಕ್ಕಿನಿಂದ ಕಲ್ಲು ಮಗುಚಿ ಹುಳು ಹೆಕ್ಕುವ ಟರ್ನ್‌ಸ್ಟೋನ್‌ಗಳು. ಅವಕ್ಕಾಗಿಯೇ ಅವಳು ಭಾನುವಾರದ ನಿದ್ದೆ ಬಿಟ್ಟಿದ್ದಳು.

ಕಲ್ಲು ಹಿಡಿದವನು ಸಿದ್ಧೇಶ್ವರ. ವಿಜಯಪುರದ ಮನೆತನ, ಇಲ್ಲೇ ಹತ್ತಿರದ ಮಹಾಪೆಯಲ್ಲಿ ನೌಕರಿ.

"ಅಡಿಯಲ್ಲಿ ಏಡಿ ಮರಿಗಳಿರ್ತವೆ, ಬಿಸಿಲಿಗೆ ಸಾಯ್ತವೆ." ದಿಶಾ ಗದರಿದಳು. " ಮಗುಚಿದ ಮೇಲೆ ಹಾಗೇ ಬಿಟ್ಟು ಹೋಗೋದಾ?"

"ಆ ಹಕ್ಕಿನೂ ಹೊಳ್ಳಿಸಿ ಹಂಗ ಬಿಡ್ತಾವಲ್ರೀ. ಅವಕ್ಕ ಬೈಯಂಗಿಲ್ಲೇನು?"

"ಅವಕ್ಕೆ ಹಸಿವು! ನಿಮಗೆಂತ?"

"ನನಗೂ ಹಸಿವ್ರೀ. ನಾಷ್ಟಾ ಆಗಿಲ್ಲ."

ಛೇ... ನಗಬಾರದಿತ್ತು. ನಕ್ಕಳು!

ಆಮೇಲೆ ಭಾನುವಾರಗಳು ಇಬ್ಬರದಾದವು. ಒಂದೇ ದುರ್ಬೀನು, ನಾಲ್ಕು ಕಣ್ಣು.

ಒಂದು ಬೆಳಿಗ್ಗೆ ನೋಡಿದರೆ... ಬಂಡೆಗಳ ಮೇಲೆ ಕುಂಭಮೇಳ! ಕ್ಯಾಮೆರಾ, ಸೆಲ್ಫಿ, ಎಲ್ಲೆಲ್ಲೂ ಮಗುಚಿದ ಕಲ್ಲು. ಒಂದೂ ಹಕ್ಕಿಯಿಲ್ಲ. ನಡುವೆ ಸಿದ್ಧೇಶ್ವರ.

"ಈ ಜಾಗ ತೋರಿಸಿದ್ದು ನಿಮಗೊಬ್ಬರಿಗೇ! ಲೊಕೇಶನ್ ಹಂಚಿ ಲೈಕ್ ತಗೊಂಡ್ರಾ? ನಾಚಿಕೆ ಆಗೋದಿಲ್ವಾ?"

ಅವನು ಬಗ್ಗಿ ಮಗುಚಿದ ಕಲ್ಲೊಂದನ್ನು ಎತ್ತಿದ. ಸರಿಯಾಗಿ ಇಟ್ಟ.

"ಇನ್ನು ನನ್ನ ಕಣ್ಣಿಗೆ ಬೀಳ್ಬೇಡಿ!"

ದಿಶಾ ಡೊಂಬಿವಲಿಯ ತಮ್ಮ ಹೋಟೆಲಿಗೆ ಬಂದರೆ, ಅಪ್ಪ ಸರ್ವೋತ್ತಮ ಗಿರಾಕಿಗೆ ಮೊಬೈಲ್ ತೋರಿಸುತ್ತಿದ್ದರು.

"ಮಗಳು ತೆಗ್ದ ಫೋಟೊ ಮಾರಾಯ್ರೆ! ಒಬ್ಬಳೇ ಹೋಗ್ತಾಳಂತ ಲೊಕೇಶನ್ ತರಿಸಿಕೊಳ್ತೇನಲ್ಲ, ಅದನ್ನೂ ನಮ್ಮ ಕನ್ನಡ ಸಂಘದ ಗ್ರೂಪಿಗೆ ಹಾಕಿದೆ. ಇಡೀ ಠಾಣೆ ಜಿಲ್ಲೆಯೇ ಹೋಗಿ ಬಂತು!"

"ಅಪ್ಪಾ!!"

ಕುದಿಯುತ್ತಿದ್ದ ಸಾಂಬಾರ್ ತಣ್ಣಗಾಯಿತು, ತಣ್ಣಗಿದ್ದ ಲಸ್ಸಿ ಕುದಿಯಿತು.

ಅಯ್ಯೋ... ಪಾಪ, ಸಿದ್ಧೇಶ್ವರರಿಗೆ ಏನೆಲ್ಲ ಅಂದುಬಿಟ್ಟೆ!

ಮುಂದಿನ ಭಾನುವಾರ ಖಾಲಿ ದಡದಲ್ಲಿ ಸಿದ್ಧೇಶ್ವರನೊಬ್ಬನೇ. ಜನ ಮಗುಚಿದ ಕಲ್ಲುಗಳನ್ನು ಒಂದೊಂದಾಗಿ ಮೊದಲಿನಂತೆ ಇಡುತ್ತಿದ್ದ.

"ಹಂಚಿದ್ದು ಅಪ್ಪ ಅಂತ ಗೊತ್ತಿತ್ತಾ ನಿಮಗೆ?"

"ಬಂದವರು ಹೇಳಿದ್ರು. ಮಗಳ ಮ್ಯಾಲಿನ ಹೆಮ್ಮಿಗೆ ಹಾಕ್ಯಾರ. ಆ ಬೈಗುಳ ಅವರಿಗ್ಯಾಕ ಅಂತ ನಾನ ತಗೊಂಡೆ."

"ಯಾರು ಹೇಳಿದ್ದು ತಗೊಳ್ಲಿಕ್ಕೆ?" ಅವಳಿಗೆ ಮತ್ತೆ ಸಿಟ್ಟು ಬಂತು! "ರೈಲಿನಲ್ಲಿ ಡೊಂಬಿವಲಿ ತನಕ ಅತ್ತಿದ್ದೇನೆ, ಗೊತ್ತುಂಟಾ?"

ಅವನು ಕೈ ಒರೆಸಿಕೊಂಡು ಎದ್ದ. "ಕಣ್ಣಿಗೆ ಬೀಳಬ್ಯಾಡ ಅಂದೀರಿ. ಹೊಂಟೆ."

"ಮಗುಚಿದ ಮೇಲೆ ಹಾಗೇ ಬಿಟ್ಟು ಹೋಗೋದಾ?"

"ಎಲ್ಲಾ ಸರಿ ಇಟ್ಟೀನಲ್ರೀ... ಯಾವ ಕಲ್ಲು ಉಳೀತು?"

"ಕಲ್ಲಲ್ಲ. ನಾನು!"

ಈ ಸಲ ಕಡಲು ನಿಜವಾಗಿಯೂ ನಿಂತಿತು. ಆಣೆ ಮಾಡಿ ಹೇಳುತ್ತೇನೆ. ದೂರದ ಬಂಡೆಯ ಮೇಲೆ ಒಂದು ಹಕ್ಕಿ ಬಂದಿಳಿಯಿತು. ಇಬ್ಬರೂ ನೋಡಲಿಲ್ಲ.

"ನಾಷ್ಟಾ ಆಯ್ತಾ?" ಅವಳ ದನಿ ಮೆತ್ತಗಾಗಿತ್ತು.

"ಇಲ್ರೀ."

ಅವಳು ಡಬ್ಬಿ ತೆರೆದಳು. "ನಮ್ಮ ಹೋಟೆಲಿನ ಬನ್ಸ್. ತಿಂದ್ರೆ ಅಪ್ಪನನ್ನು ಕ್ಷಮಿಸಿದ ಹಾಗೆ."

"ಮತ್ತ ನಿಮ್ಮನ್ನ?"

"ನನ್ನನ್ನು... ದಿನಾ ಸ್ವಲ್ಪ ಸ್ವಲ್ಪ ಕ್ಷಮಿಸ್ತಾ ಇರಿ."